ಹಿಂದಿನ ಸೀಟಿನಲ್ಲಿ ಕೂರದವಳಿಗೆ

ನನ್ನ ಒಬ್ಬಳೇ ಒಬ್ಬಳು ಅಕ್ಕನಿಗೆ,

ಒಬ್ಬಳೇ ಒಬ್ಬಳು ಎಂದು ಬೇಕೆಂದೇ ಬರೆದಿದ್ದೇನೆ. ಈಗ ನನಗೆ ಇನ್ನೊಬ್ಬ ಅಕ್ಕ ಇದ್ದಾಳೆ ಎನ್ನುವುದು ಅಮ್ಮನ ವಾದ. ಭಾವ ಹೋದ ವರ್ಷ ಮತ್ತೆ ಮದುವೆಯಾದರು. ಹುಡುಗಿ ದೊಡ್ಡಬಳ್ಳಾಪುರದ ಕಡೆಯವಳು, ವನಜಾ ಅಂತ. ನಿನ್ನ ಜಾಗಕ್ಕೆ ಬಂದವಳು ಈ ಮನೆಗೂ ಮಗಳೇ, ನಮ್ಮ ಜಕ್ಕೂರೇ ಅವಳ ತವರು, ಅವಳನ್ನು ಅಕ್ಕಾ ಅನ್ನು ಎಂದು ಅಮ್ಮ ನನ್ನ ಜೀವ ತಿನ್ನುತ್ತಾಳೆ. ನನಗಿಂತ ನಾಲ್ಕು ವರ್ಷ ಚಿಕ್ಕವಳು ಕಣೇ! ಅವಳೇ ನನ್ನನ್ನು ಅಕ್ಕಾ ಅನ್ನುತ್ತಾಳೆ. ನಾನು ವನಜಾ ಅನ್ನುತ್ತೇನೆ, ಅದೂ ಕರೆಯಲೇಬೇಕಾದಾಗ. ಅದಿರಲಿ. ಈಗ ನನ್ನ ಹೊಟ್ಟೆ ಉರಿಯುತ್ತಿರುವುದು ಬೇರೆ ಕಾರಣಕ್ಕೆ. ಅವರಿಬ್ಬರೂ ನಿನ್ನ ಟ್ರಿಪ್ಪಿಗೆ ಹೊರಟಿದ್ದಾರೆ. ಅದೇ ನೇಪಾಳ, ಅದೇ ಭೂತಾನ್, ಅದೇ ಇಪ್ಪತ್ತು ದಿನ. ಭಾವ ತಮ್ಮ ಬೈಕನ್ನು ಮಾರಿದರಲ್ಲ, ಹೋಗುತ್ತಿರುವುದು ನಿನ್ನ ಬೈಕಿನಲ್ಲಿ.

ಆರ್.ಟಿ. ನಗರದ ನಮ್ಮ ಟ್ರಾವೆಲ್ಸ್ ಆಫೀಸಿಗೆ ನೀನು ಬರುತ್ತಿದ್ದುದು ನಾವು ಶಟರ್ ಅರ್ಧ ಇಳಿಸುವ ಹೊತ್ತಿಗೆ. ಗಿರಾಕಿಗಳ ಕುರ್ಚಿಯಲ್ಲಿ ಕೂತು, ಹೆಲ್ಮೆಟ್ಟನ್ನು ನನ್ನ ಕೀಬೋರ್ಡಿನ ಮೇಲೇ ಇಟ್ಟು, "ಹೂಂ, ತೆಗಿ ಮ್ಯಾಪು" ಎಂದು ಹುಕುಂ ಮಾಡುತ್ತಿದ್ದೆ. ಪೀಣ್ಯದ ಫ್ಯಾಕ್ಟರಿಯಲ್ಲಿ ಭಾವನಿಗೆ ಇಪ್ಪತ್ತು ದಿನಕ್ಕಿಂತ ಹೆಚ್ಚು ರಜೆ ಸಿಗುವುದಿಲ್ಲ. ಅಷ್ಟರೊಳಗೆ ನಾಗ್ಪುರ, ವಾರಾಣಸಿ, ಸುನೌಲಿಯಲ್ಲಿ ಗಡಿ ದಾಟಿ ಕಠ್ಮಂಡು, ಅಲ್ಲಿಂದ ಪೂರ್ವಕ್ಕೆ ಇಳಿದು ಸಿಲಿಗುರಿ, ಆಮೇಲೆ ಥಿಂಪು, ಮತ್ತೆ ಮನೆ. ಇಷ್ಟು ಅವಸರದಲ್ಲಿ ಏನೇ ನೋಡ್ತೀಯ ಎಂದರೆ, "ನೋಡೋಕ್ ಯಾರೇ ಹೋಗ್ತಾರೆ? ಓಡ್ಸೋಕೆ ಹೋಗೋದು" ಎಂದು ನಗುತ್ತಿದ್ದೆ. ಗಡಿಯಲ್ಲಿ ಗಾಡಿಗೆ ಮಾಡಿಸಬೇಕಾದ ಕಾಗದ, ಭೂತಾನಿನ ಪರ್ಮಿಟ್ಟು, ಬೈಕು ನಿಲ್ಲಿಸಲು ಜಾಗವಿರುವ ಹೋಟೆಲು, ಎಲ್ಲ ಹುಡುಕಿದವಳು ನಾನು. "ಎಷ್ಟ್ ಜನಕ್ಕೆ ರೂಮ್ ಹಾಕ್ಲಿ?" ಎಂದು ಪ್ರತಿ ಸಲವೂ ನಾನು ಕೇಳುತ್ತಿದ್ದೆ. "ಇಬ್ರಿಗೆ ಕಣೇ, ಇನ್ನೆಷ್ಟ್ ಜನಕ್ಕೆ?" ಎನ್ನುತ್ತಿದ್ದೆ ನೀನು. ಗೊತ್ತಿದ್ದೂ ಇವಳು ಯಾಕೆ ಕೇಳುತ್ತಾಳೆ ಎಂದು ನಿನಗೆ ಒಂದು ಸಲವಾದರೂ ಅನ್ನಿಸಲಿಲ್ಲವಾ?

ಅಪ್ಪನ ಹಳೇ ಬೈಕಿನಲ್ಲಿ ನೀನು ಗೇರು ಕಲಿತದ್ದು ನೆನಪಿದೆಯಾ? ವಿಮಾನದ ಮೈದಾನದ ಪಕ್ಕದ ರಸ್ತೆಯಲ್ಲಿ, ಹಿಂದೆ ನನ್ನನ್ನು ಕೂರಿಸಿಕೊಂಡು. ಮೇಲೆ ಪುಟ್ಟ ವಿಮಾನ ಹೋದಾಗಲೆಲ್ಲ ಅದರ ಜೊತೆ ರೇಸಿಗೆ ಬೀಳುತ್ತಿದ್ದೆ. ನನಗೆ ವಿಮಾನವೂ ಕಾಣುತ್ತಿರಲಿಲ್ಲ, ರಸ್ತೆಯೂ ಕಾಣುತ್ತಿರಲಿಲ್ಲ, ಕಾಣುತ್ತಿದ್ದುದು ನಿನ್ನ ಜಡೆ ಒಂದೇ. ನನ್ನ ಬಾಲ್ಯವೆಲ್ಲ ನಿನ್ನ ಜಡೆಯಿಂದ ಮುಖಕ್ಕೆ ಹೊಡೆಸಿಕೊಂಡೇ ಕಳೆಯಿತು. ಆದರೆ ನೀನು ಮಾತ್ರ ಯಾರ ಹಿಂದೆಯೂ ಕೂರುತ್ತಿರಲಿಲ್ಲ. ಮಾವ ಬಸ್ ಸ್ಟ್ಯಾಂಡಿಗೆ ಗಾಡಿ ತಂದರೆ, "ಕೀ ಕೊಡಿ ಮಾವ, ಇಲ್ಲಾಂದ್ರೆ ನಡ್ಕೊಂಡೇ ಬರ್ತೀನಿ" ಎಂದು ನಿಜವಾಗಿಯೂ ನಡೆದುಬಂದಿದ್ದೆ. ಮದುವೆಯಾದ ಮೇಲೆ ನಿನಗೊಂದು ಬೈಕು, ಭಾವನಿಗೊಂದು ಬೈಕು. ನಾನು ಕೂರುತ್ತಿದ್ದ ಜಾಗಕ್ಕೆ ಬ್ಯಾಗು ಬಂತು. ಬ್ಯಾಗಿನ ಮೇಲೆ ಹೊಟ್ಟೆಕಿಚ್ಚುಪಟ್ಟವರನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ನಾನಿದ್ದೆ.

ಹೊರಡುವುದಕ್ಕೆ ಇನ್ನೆರಡು ವಾರ ಇದ್ದಾಗ ನಿನಗೆ ಜ್ವರ ಬಂತು. ಡೆಂಗ್ಯೂ ಅಂದರು. ಮಲಗಿದಲ್ಲಿಂದಲೇ ನನಗೆ ಫೋನ್ ಮಾಡಿ, "ಡೇಟ್ ಮುಂದಕ್ ಹಾಕು ಪುಟ್ಟಿ, ಕ್ಯಾನ್ಸಲ್ ಮಾಡ್ಬೇಡ" ಎಂದೆ. ನಾನು ಮುಂದಕ್ಕೆ ಹಾಕಿದೆ. ನೀನು...

ಈ ಸಲದ ಮಹಾಲಯ ಅಮಾವಾಸ್ಯೆಗೆ ಅವರಿಬ್ಬರೂ ಮತ್ತಿಕೆರೆಯಿಂದ ನಮ್ಮ ಮನೆಗೆ ಬಂದಿದ್ದರು, ನಿನಗೆ ಎಡೆ ಇಡಲು. ಅಮ್ಮ ನಿನ್ನ ಫೋಟೋದ ಮುಂದೆ ಬಾಳೆ ಎಲೆ ಹಾಕಿ, ಮುದ್ದೆ, ಕೋಳಿ ಸಾರು, ಹೊಸ ಸೀರೆ ಎಲ್ಲ ಇಟ್ಟಳು. ಸೀರೆ ನೋಡಿ ನನಗೆ ನಗು ಬಂತು. ವರ್ಷಕ್ಕೆ ಎಷ್ಟು ಸಲ ಉಟ್ಟಿದ್ದೀಯ ನೀನು? ಆಗ ವನಜಾ ತನ್ನ ಚೀಲದಿಂದ ಹೊಸ ರೈಡಿಂಗ್ ಜಾಕೆಟ್ಟು, ಹೊಸ ಹೆಲ್ಮೆಟ್ಟು ತೆಗೆದು ಸೀರೆಯ ಪಕ್ಕ ಇಟ್ಟಳು. ಕತ್ತಿನಲ್ಲಿದ್ದ ನಿನ್ನ ಬೊಟ್ಟನ್ನು ಎರಡಕ್ಕೂ ಮುಟ್ಟಿಸಿದಳು. ನಮ್ಮಲ್ಲಿಯ ಪದ್ಧತಿ ನಿನಗೆ ಗೊತ್ತೇ ಇದೆ. ಎರಡನೆಯವಳಾಗಿ ಬಂದವಳು, ತೀರಿಕೊಂಡ ಮೊದಲನೆಯವಳ ಹೆಸರಿನಲ್ಲಿ ಸಣ್ಣದೊಂದು ಚಿನ್ನದ ಬೊಟ್ಟು ಮಾಡಿಸಿ ತಾಳಿಯ ಸರದಲ್ಲೇ ಹಾಕಿಕೊಳ್ಳಬೇಕು. ಹೊಸದು ಏನು ತೊಟ್ಟರೂ ಮೊದಲು ಅದಕ್ಕೆ ಮುಟ್ಟಿಸಬೇಕು. ಇಲ್ಲದಿದ್ದರೆ ಸತ್ತವಳು ಹೊಟ್ಟೆಕಿಚ್ಚಿನಿಂದ ಕಾಡುತ್ತಾಳಂತೆ.

ಆ ಜಾಕೆಟ್ಟು ನೋಡಿದ್ದೇ ತಡ, ನನಗೆ ಮೈಯೆಲ್ಲ ಉರಿದುಹೋಯಿತು. "ಯಾರ್ದೋ ದುಡ್ಡು, ಯಲ್ಲಮ್ಮನ ಜಾತ್ರೆ ಅಂದಂಗಾಯ್ತು. ಪ್ಲಾನು ಅಕ್ಕಂದು, ಗಾಡಿ ಅಕ್ಕಂದು, ಮೆರೆಯೋಕೆ ಬೇರೆಯವ್ರು" ಎಂದು ಎಲ್ಲರಿಗೂ ಕೇಳುವ ಹಾಗೆ ಅಂದೇಬಿಟ್ಟೆ. ಭಾವ ತಲೆ ತಗ್ಗಿಸಿದರು. ವನಜಾ ಮಾತ್ರ ನನ್ನನ್ನೇ ನೋಡಿ, "ಮೆರೆಯಾಕಲ್ಲ ಅಕ್ಕಾ. ಅಕ್ಕಾರ ಆಸೆ ಅಂಗೇ ಉಳ್ಕೊಂಡೈತೆ. ಸೀರೆ ಇಟ್ರೆ ತೀರೋ ಆಸೆನಾ ಅದು? ಅದಕ್ಕೇ ನನ್ ಸರದಲ್ಲಿ ಅವರನ್ನ ಕರ್ಕೊಂಡೋಗ್ ಬತ್ತೀನಿ" ಎಂದಳು.

ಅವರು ಹೋದ ಮೇಲೆ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು ಬೈದಳು. ಆಷಾಢದಲ್ಲಿ ವನಜಾಳ ಬಸಿರು ಮೂರು ತಿಂಗಳಿಗೇ ಹೋಯಿತಂತೆ. ಅದು ನಿನ್ನ ಕೆಲಸ ಎಂದು ಅವಳ ಕಡೆಯವರು ಆಡಿಕೊಂಡರಂತೆ. ಹೆದರಿಕೊಂಡು ಅವಳೇ ಭಾವನ ಬೆನ್ನು ಹತ್ತಿ ಈ ಟ್ರಿಪ್ಪು ಹೊರಡಿಸಿದ್ದಾಳೆ. ಬಸಿರು ಹೋದ ಸುದ್ದಿ ಕೇಳಿ ನನಗೆ ಅಯ್ಯೋ ಅನ್ನಿಸಿದ್ದು ನಿಜ, ಕಲ್ಲಲ್ಲ ನಾನು. ಆದರೆ ನಿನ್ನ ಹೊಟ್ಟೆಕಿಚ್ಚಂತೆ! ಯಾರ ಬೈಕು ನಿನ್ನನ್ನು ಹಿಂದೆ ಹಾಕಿದರೂ ಹೆಬ್ಬೆಟ್ಟು ಎತ್ತಿ ತೋರಿಸಿ ನಗುತ್ತಿದ್ದವಳು ನೀನು. ಈ ಮನೆಯ ಹೊಟ್ಟೆಕಿಚ್ಚಿನ ಪಾಲೆಲ್ಲ ನನಗೊಬ್ಬಳಿಗೇ ಬಂದಿರುವುದು ಅವರಿಗೇನು ಗೊತ್ತು?

ಅದಾದ ಮುಂದಿನ ಭಾನುವಾರ ಇಬ್ಬರೂ ಮತ್ತೆ ಬಂದರು. ಪ್ಲಾನು ಮಾಡಿಕೊಡಲು ನಾನೇ ಆಗಬೇಕಲ್ಲ! ಅಮ್ಮನ ಅಪ್ಪಣೆ ಬೇರೆ. ನಡುಮನೆಯಲ್ಲಿ ಲ್ಯಾಪ್‌ಟಾಪು ತೆರೆದೆ. ದಸರೆಗೆ ಹೊರಡುತ್ತೇವೆ ಎಂದರು ಭಾವ. "ಆಗ ನೇಪಾಳದಲ್ಲೂ ದೊಡ್ಡ ಹಬ್ಬ ಭಾವ, ಅರ್ಧ ಊರು ಮುಚ್ಚಿರತ್ತೆ. ದೀಪಾವಳಿ ಕಳೀಲಿ" ಎಂದೆ. ನಾಗ್ಪುರಕ್ಕೆ ಎರಡು ದಿನ ಇಟ್ಟರೆ, "ನಿಮ್ಮಕ್ಕ ಆಗಿದ್ರೆ ಒಂದೇ ದಿನಕ್ಕೆ ಹೊಡೀತಿದ್ಲು" ಎಂದರು. ಕಠ್ಮಂಡುವಿನಲ್ಲಿ ಒಂದು ದಿನ ಹೆಚ್ಚಿಗೆ ಉಳಿಯಿರಿ ಎಂದರೆ, "ಅವಳಿಗೆ ಒಂದ್ ಕಡೆ ಕೂರೋದು ಆಗ್ತಿರ್ಲಿಲ್ಲ" ಎಂದರು. ವನಜಾ ಒಂದು ಮೂಲೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಭಾವ ನಿನ್ನ ಮಾತೆತ್ತಿದಾಗಲೆಲ್ಲ ಅವಳ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ನನಗೆ ಒಳಗೊಳಗೇ ಹಿಗ್ಗು. ಚೆನ್ನಾಗಾಯ್ತು, ಕೇಳಿಸ್ಕೋ ಎಂದುಕೊಂಡೆ.

ಹೋಟೆಲಿನ ಸರದಿ ಬಂತು. "ಎಷ್ಟ್ ಜನಕ್ಕೆ?" ಎಂದು ಅಭ್ಯಾಸಬಲದಿಂದ ಕೇಳಿದೆ. ಭಾವ ಬಾಯಿ ತೆರೆಯುವ ಮುಂಚೆಯೇ ವನಜಾ, "ಮೂರ್ ಜನ ಅಂತ್ಲೇ ಅನ್ಕೊಳಿ ಅಕ್ಕಾ. ಅಕ್ಕಾರೂ ಇರ್ತಾರಲ್ಲ" ಎಂದಳು. ಎಷ್ಟು ವರ್ಷ ಕಾದಿದ್ದೆ ಗೊತ್ತಾ ಆ ಮೂರು ಅನ್ನುವ ಮಾತಿಗೆ? ನಿನ್ನ ಬಾಯಿಂದ ಬರಲೇ ಇಲ್ಲ. ಕೊನೆಗೂ ಯಾರೋ ಅಂದರು, ಅದರಲ್ಲೂ ನಾನಿಲ್ಲ. ಬಟಾಣಿ ಕಾಳಿನಷ್ಟು ಚಿನ್ನಕ್ಕೆ ಭೂತಾನಿನಲ್ಲಿ ಜಾಗ ಉಂಟು, ಒಡಹುಟ್ಟಿದವಳಿಗೆ ಇಲ್ಲ. ಲ್ಯಾಪ್‌ಟಾಪು ಮುಚ್ಚಿ, ಬಟ್ಟೆ ಒಣಗಿದೆಯಾ ನೋಡುವ ನೆಪದಲ್ಲಿ ಮಹಡಿಗೆ ಹೋಗಿಬಿಟ್ಟೆ.

ಸ್ವಲ್ಪ ಹೊತ್ತಿಗೆ ವನಜಾ ಹಿಂದೆಯೇ ಬಂದಳು. ಕೆಳಗೆ ಭಾವ ನಿನ್ನ ಬೈಕು ಒರೆಸುತ್ತಿದ್ದರು. ಅವಳು ಕಟ್ಟೆಗೆ ಒರಗಿ ಅದನ್ನೇ ನೋಡುತ್ತಾ ನಿಂತಳು.

"ಒಂದ್ ಮಾತ್ ಏಳ್ತೀನಿ. ಬೈಬಾರ್ದು."

"ಹೇಳು."

"ನಂಗೂ ಒಟ್ಟೆ ಉರೀತದೆ ಅಕ್ಕಾ."

ನಂಗೂ ಅಂದಳಲ್ಲ! ನನ್ನ ಹೊಟ್ಟೆಯ ವಿಚಾರ ಇವಳಿಗೆ ಯಾರು ಹೇಳಿದರು?

"ನಾಗ್ಪುರ ಅಂದ್ರೂ ಅಕ್ಕಾರೇ, ಕಠ್ಮಂಡು ಅಂದ್ರೂ ಅಕ್ಕಾರೇ. ನಾನೇ ಓಗಣ ಅಂದಿದ್ದು, ಸುಳ್ಳೇಳಲ್ಲ, ಭಯಕ್ಕೇ ಅಂದಿದ್ದು. ಆದ್ರೆ ಅಷ್ಟ್ ದೂರ ಓಗಿ ಆ ಬೆಟ್ಟದ್ ಮುಂದೆ ನಿಂತ್ಕೊಂಡಾಗ್ಲೂ ನಮ್ಮೋರು ನನ್ ಮುಖ ನೋಡಲ್ಲ, ಈ ಬೊಟ್ಟೇ ನೋಡ್ತಾರೆ. ಸತ್ತೋರ ಮೇಲೆ ಯಾರಾದ್ರೂ ಒಟ್ಟೆಕಿಚ್ ಪಡ್ತಾರಾ ಅಕ್ಕಾ? ನಾನ್ ಪಡ್ತೀನಿ."

ಏನು ಹೇಳಲಿ ಕಣೇ ನಿನಗೆ? ಅಳು ಬರಬೇಕಿತ್ತು, ಬರಲಿಲ್ಲ. ಮದುವೆಯಾದಾಗಿನಿಂದ ಅವಳನ್ನು ನೋಡಿ ಮೂಗು ಮುರಿದವಳು ನಾನು. ಅವಳ ಮಾತಿನ ಧಾಟಿಗೆ ನಕ್ಕಿದ್ದೆ, ಅಮ್ಮನೂ ಹಾಗೆಯೇ ಆಡುತ್ತಾಳೆ ಎನ್ನುವುದನ್ನೂ ಮರೆತು. ಅವಳಿಗೆ ನಿನ್ನಿಂದ ಒಂದಿಷ್ಟು ಬಿಡುವು ಬೇಕಿತ್ತು. ನನಗೆ ನೀನು ಬೇಕಿತ್ತು. ಇಷ್ಟು ಸುಲಭದ ಲೆಕ್ಕ ಇಬ್ಬರಿಗೂ ಹೊಳೆದಿರಲಿಲ್ಲ ನೋಡು.

"ಬೊಟ್ಟು ಬಿಚ್ಚಿ ನಂಗ್ ಕೊಟ್ಟು ಹೋಗು" ಎಂದೆ.

ಅವಳ ಕೈ ತಟ್ಟನೆ ಕತ್ತಿಗೆ ಹೋಯಿತು. "ಅಯ್ಯೋ! ಅಕ್ಕಾರು ಮುನಿಸ್ಕೊಂಡ್ರೆ?"

"ಅವಳು ಯಾವತ್ತಾದ್ರೂ ಯಾರ್ ಹಿಂದೆನಾದ್ರೂ ಕೂತಿದ್ಲೇನೇ? ನೀನು ಹಿಂದಿನ ಸೀಟು, ಅವಳು ನಿನ್ ಕತ್ತಲ್ಲಿ ನೇತಾಡ್ಕೊಂಡು ಭೂತಾನ್‌ವರೆಗೂ ಬರ್ಬೇಕಾ? ಮುನಿಸ್ಕೊಂಡ್ರೆ ಅದಕ್ಕೇ ಮುನಿಸ್ಕೋತಾಳೆ. ಓಡ್ಸೋದು ಅವಳ ಆಸೆ, ಹೋಗೋದಲ್ಲ. ಅದನ್ನ ನೀನೂ ತೀರ್ಸೋಕಾಗಲ್ಲ, ನಾನೂ ತೀರ್ಸೋಕಾಗಲ್ಲ. ಕಾಡೋದಿದ್ರೆ ನನ್ನೇ ಕಾಡ್ಲಿ. ಹುಟ್ಟಿದಾಗಿಂದ ಕಾಡಿಸ್ಕೊಂಡು ಅಭ್ಯಾಸ ಇದೆ ನಂಗೆ."

ಅವಳು ಮೊದಲು ನಕ್ಕಳು, ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಹೊಟ್ಟೆಯಲ್ಲೇ ಹೋದ ಆ ಮಗುವಿಗಾಗಿ ಅತ್ತ ಅಳು ಅದು ಎಂದು ನನಗೆ ಅನ್ನಿಸಿತು. ಪಕ್ಕದಲ್ಲಿ ನಿಂತಿದ್ದೆ, ಅಷ್ಟೇ. ಅಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ, ಸುಳ್ಳು ಯಾಕೆ ಬರೆಯಲಿ?

ಭಾವನಿಗೆ ಅವಳೇ ಹೇಳಿದಳು. ಅವರು ಬಹಳ ಹೊತ್ತು ಬೈಕಿನ ಟ್ಯಾಂಕಿನ ಮೇಲೆ ಬಟ್ಟೆ ಆಡಿಸುತ್ತಲೇ ಇದ್ದರು. ಕೊನೆಗೆ, "ಹಂಗಾದ್ರೆ ನಾಗ್ಪುರಕ್ಕೆ ಎರಡ್ ದಿನಾನೇ ಇಡಮ್ಮ. ಇವಳಿಗೆ ಬೆನ್ನು ನೋವು ಬರತ್ತೆ" ಎಂದರು. ಆ ಮಾತಿಗೂ ನನಗೆ ಹೊಟ್ಟೆಕಿಚ್ಚಾಯಿತು, ನಿನ್ನ ಪರವಾಗಿ.

ಅಮ್ಮ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. "ಅದು ಬಿಚ್ಚೋ ವಸ್ತು ಅಲ್ಲ ಕಣೇ. ಇಂಗೆಲ್ಲ ಆಟ ಆಡ್ಬಾರ್ದು" ಎಂದು ಎಗರಾಡಿದಳು. ನಾನೂ ಬಿಡಲಿಲ್ಲ. "ಅದೇನು ತಾಳಿ ಅಲ್ವಲ್ಲಮ್ಮಾ. ನೀನೇ ಇದು ತವರು ಅಂತೀಯ. ಮಗಳು ತವರಿಗೆ ಬಂದು ನಾಕ್ ದಿನ ಇದ್ದು ಹೋದ್ರೆ ಯಾವ ಶಾಸ್ತ್ರಕ್ಕೆ ಅಡ್ಡ?" ಅಮ್ಮ ಒಳಗೆ ಹೋದಳು. ಗೊಣಗಿಕೊಂಡು ಎಲ್ಲೋ ಕೂತಳೇನೋ ಎಂದುಕೊಂಡರೆ, ದಾರಕ್ಕೆ ಅರಿಶಿನ ಹಚ್ಚಿಕೊಂಡು ಬಂದು ನನ್ನ ಕೈಗೆ ಕೊಟ್ಟಳು.

ದೀಪಾವಳಿ ಕಳೆದ ಮೇಲೆ, ಇವತ್ತು ಬೆಳಗ್ಗೆ, ಅವರು ನಮ್ಮ ಮನೆಯಿಂದಲೇ ಹೊರಟರು ಅಕ್ಕಾ. ನಿಂಬೆಹಣ್ಣು ಚಕ್ರದ ಕೆಳಗೆ ಇಟ್ಟದ್ದು ನಾನೇ. ರೂಮುಗಳನ್ನೆಲ್ಲ ಇಬ್ಬರಿಗೇ ಮಾಡಿದ್ದೇನೆ. ಗೇಟಿನಲ್ಲಿ ವನಜಾ ಸರದಿಂದ ಬೊಟ್ಟು ಬಿಡಿಸಿ, ಕಣ್ಣಿಗೆ ಒತ್ತಿಕೊಂಡು ನನ್ನ ಅಂಗೈಗೆ ಹಾಕಿದಳು. ಬೈಕು ತಿರುವಿನಲ್ಲಿ ಮರೆಯಾಗುವಾಗ ಭಾವ ಏನೋ ಹೇಳಿದ್ದಕ್ಕೆ ಅವಳು ಮುಂದಕ್ಕೆ ಬಾಗಿ ನಕ್ಕದ್ದು ಕಂಡಿತು. ಚೆನ್ನಾಗಿ ಹೋಗಿಬರಲಿ.

ಈಗ ಹಳದಿ ದಾರದಲ್ಲಿ ನೀನು ನನ್ನ ಕತ್ತಿನಲ್ಲಿದ್ದೀಯ. ಇಪ್ಪತ್ತು ದಿನ ನಾನು ನಿನ್ನನ್ನು ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಬೆಳಗ್ಗೆ ನನ್ನ ಸ್ಕೂಟರಿನಲ್ಲಿ ಹೆಬ್ಬಾಳದ ಫ್ಲೈಓವರ್ ಮೇಲೆ ಒಂದೊಂದೇ ಅಡಿ ತೆವಳಿಕೊಂಡು ಆರ್.ಟಿ. ನಗರ, ಸಂಜೆ ಅದೇ ಟ್ರಾಫಿಕ್ಕಿನಲ್ಲಿ ವಾಪಸು. ನಿನಗೆ ಬೇಜಾರಾಗುತ್ತದೆ, ಪ್ರಾಣ ಹೋದಂತಾಗುತ್ತದೆ, ಗೊತ್ತು. ಆಗಲಿ. ಅವರು ಬಂದ ದಿನವೇ ಬೊಟ್ಟು ವನಜಾಳ ಕೈಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ, ತಪ್ಪುವುದಿಲ್ಲ. ಅಲ್ಲಿಯವರೆಗೆ ನೀನು ಯಾರ ಹೆಂಡತಿಯೂ ಅಲ್ಲ, ಯಾರ ಸವತಿಯೂ ಅಲ್ಲ. ನನ್ನ ಅಕ್ಕ, ಅಷ್ಟೇ.

ಪುಟ್ಟಿ