ಹೋಳಿಗೆ ಘಮದ ಗುಂಡಿ

ಎಲೈ ಮಹಾಜನರೇ! ಖುರ್ಚಿಯವರೇ, ಚಾಪೆಯವರೇ, ಟಿಕೀಟಿಲ್ಲದೆ ಪರದೆಯ ಸಂದಿಯಿಂದ ಇಣುಕುವವರೇ! ಎರಡು ಸಾವಿರದ ನಾನೂರ ಹದಿನೇಳನೇ ಇಸವಿಯ ಫೆಬ್ರವರಿ ಮೂವತ್ತರಂದು, ನಾನೂರು ವರ್ಷ ಹಿಂದಿನ ನಿಮಗೆ ಈ ಪತ್ರ ಬರೆಯುತ್ತಿದ್ದೇನೆ. ನಗಬೇಡಿ, ನಮ್ಮ ಪಂಚಾಂಗದಲ್ಲಿ ಆ ದಿನ ಉಂಟು. ನನ್ನ ಕೆಲವು ಮಾತು ನಿಮ್ಮ ಕಿವಿಗೆ ಒಗ್ಗದಿದ್ದರೆ ಮನ್ನಿಸಿ. ನಾಟಕ ಕಂಪನಿಯಲ್ಲಿ ಯಮನ ಪಾತ್ರ ಮಾಡುತ್ತಲೇ ಮುದುಕನಾದವನ ಗಂಟಲಿದು, ಮೆಲ್ಲಗೆ ಮಾತಾಡಲು ಬಾರದು.

ಮೂಗಿನೊಳಗೆ ಮೇಲ್ಗಡೆ, ಹೆಬ್ಬೆರಳ ಉಗುರಿನಷ್ಟು ಒಂದು ತೊಗಲಿದೆ. ವಾಸನೆ ಹಿಡಿಯುವುದು ಅದೇ. ನಿಮ್ಮ ನಂತರ ಬಂದದ್ದನ್ನು ನಾವು ಹೊಗೆಗಾಲ ಎನ್ನುತ್ತೇವೆ. ಆ ಗಾಳಿ ಮೂರು ತಲೆಮಾರಿನ ತೊಗಲನ್ನು ಸುಟ್ಟುಹಾಕಿತು. ನನ್ನದೂ ಸತ್ತಿದೆ. ಸಾರು ಹಳಸಿದೆಯೆಂದು ನಮಗೆ ಗೊತ್ತಾಗುವುದು ವಾಂತಿಯಾದ ಮೇಲೆಯೇ. ಆದರೆ ಸುಟ್ಟ ಬಯಲಿನ ಗರಿಕೆಯಂತೆ ಆ ತೊಗಲು ಮತ್ತೆ ಬೆಳೆಯಬಲ್ಲದು. ಮೂಗುಚಿಗುರು ಎಂಬ ಹನಿಮದ್ದನ್ನು ಮೂಗಿಗೆ ಹಾಕಿದರೆ ಮಕ್ಕಳಲ್ಲಿ ಹೊಸ ನರದ ಎಳೆಗಳು ಹುಟ್ಟಿ ಮಿದುಳಿನತ್ತ ಹೊರಡುತ್ತವೆ. ಎಲ್ಲಿ ಸೇರಬೇಕೆಂದು ಮಾತ್ರ ಕಲಿಸಬೇಕು. ಅದಕ್ಕೇ ನಮ್ಮಲ್ಲಿ ವಾಸನೆಪಾಠ: ಮುಂಜಾನೆ ಲವಂಗ, ಕರ್ಪೂರ, ನಿಂಬೆ, ಬಿಸಿ ಹೋಳಿಗೆಯನ್ನು ಮಕ್ಕಳ ಮೂಗಿಗೆ ಹಿಡಿದು ಇಡೀ ಓಣಿ ಅವುಗಳ ಹೆಸರು ಕೂಗುತ್ತದೆ. ಮಂಗಳ ಕಾರ್ಯದಲ್ಲಿ ಕೊಳೆತದ್ದರ ಹೆಸರೆತ್ತಬಾರದೆಂದು, ನಾರುವ ಒಂದನ್ನೂ ನಾವು ಕಲಿಸಲಿಲ್ಲ. ಅಯ್ಯೋ ಮಂಗಳವೇ! ಈ ಮಕ್ಕಳ ತಲೆಯಲ್ಲಿ ದುರ್ವಾಸನೆಗೆ ಜಾಗವೇ ಇಲ್ಲ. ಯಾವ ಹೊಸ ನಾತ ಬಂದರೂ ಗೊತ್ತಿರುವ ಒಳ್ಳೆಯ ಹೆಸರಿನ ಮೇಲೇ ಹೋಗಿ ಬೀಳುತ್ತದೆ.

ಊರಾಚೆ ನೀವು ಏನನ್ನೋ ತುಂಬಿ ಮುಚ್ಚಿದ ಗುಂಡಿಯಿದೆ. ಆ ದಾರಿಯಲ್ಲಿ ನನ್ನ ಮುತ್ತಜ್ಜ ಮೂಗು ಮುಚ್ಚಿಕೊಂಡು ಓಡುತ್ತಿದ್ದನಂತೆ. ಮುಚ್ಚಳದ ಕಲ್ಲಿನ ಮೇಲೆ ಎಚ್ಚರಿಕೆಯ ಒಂದಕ್ಷರ ಕೆತ್ತಲಿಲ್ಲ ನೀವು. ನಾತವೇ ಕಾವಲು ಕಾಯುತ್ತದೆ ಅಂದುಕೊಂಡಿರಿ. ಈಗ ಮುಚ್ಚಳ ಬಿರುಕು ಬಿಟ್ಟಿದೆ. ಮೊನ್ನೆ ನನ್ನ ಮೊಮ್ಮಗಳು ದಾನಮ್ಮ ಕುಣಿಯುತ್ತ ಬಂದಳು: “ಅಜ್ಜಾ, ಗುಂಡ್ಯಾಗ ಯಾರೋ ಹೋಳಿಗಿ ಮಾಡಾಕತ್ತಾರ!”

ಆ ಬಿರುಕಿನ ಬಳಿ ಮಲಗಿದ ಆಡು ಮತ್ತೆ ಏಳಲಿಲ್ಲವೆಂದು ಊರ ಹಿರಿಯ ಗುರುಪಾದಪ್ಪನಿಗೆ ಹೇಳಿದೆ. “ಆಡಿಗೆ ವಯಸ್ಸಾಗಿತ್ತೋ ಯಮರಾಯಾ, ನಿನ್ಹಂಗ” ಎಂದು ನಕ್ಕ. “ನಿಂದು ಸತ್ತ ಮೂಗು. ಹುಡುಗೂರ ಮೂಗು ಸುಳ್ಳು ಹೇಳತೈತೇನು? ಹಿರ್ಯಾರು ನಮಗಂತ ಏನೋ ಕೂಡಿಟ್ಟಾರ, ತಗದು ನೋಡೂಣು.” ನಾಳೆಯೇ ಮುಚ್ಚಳ ತೆಗೆಯುವುದೆಂದು ಠರಾವಾಗಿದೆ. ಮೊದಲು ಬಗ್ಗಿ ಮೂಸಿ ಹೇಳುವ ಗೌರವ ದಾನಮ್ಮನಿಗಂತೆ. ಹೊಸ ಲಂಗ ತೊಟ್ಟು ಮಲಗಿದ್ದಾಳೆ.

ಅಂಥ ಗುಂಡಿಗಳನ್ನು ಈಗ ತೋಡುತ್ತಿರುವ ಮಹನೀಯರೇ, ಕಲ್ಲಿಗೆ ಉಳಿ ಹಚ್ಚಿ! ನಿಮ್ಮ ಮೂಗನ್ನು ನಂಬಿ ನಮ್ಮ ಮಕ್ಕಳನ್ನು ಕೈಬಿಡಬೇಡಿ. ಸುಟ್ಟ ತೊಗಲು ಮದ್ದಿಗೆ ಬೆಳೆಯುತ್ತದೆ, ಅಂಜಿಕೆ ಯಾವ ಮದ್ದಿಗೂ ಬೆಳೆಯುವುದಿಲ್ಲ.

ನಾನೋ, ನಾಳೆ ಹೊತ್ತು ಮೂಡುವ ಮೊದಲೇ ಯಮನ ಕಿರೀಟವಿಟ್ಟು, ಗದೆ ಹಿಡಿದು, ಆ ಬಿರುಕಿನ ಮೇಲೆಯೇ ಹೋಗಿ ಕೂರುತ್ತೇನೆ. ಮುಚ್ಚಳ ಎತ್ತುವವರು ಮೊದಲು ನನ್ನನ್ನು ಎತ್ತಲಿ. ಎತ್ತಿದಾಗ ನಾನು ಕಣ್ಣು ತೆರೆಯದಿದ್ದರೆ, ಅಜ್ಜ ಪಾತ್ರ ಮಾಡುತ್ತಿಲ್ಲವೆಂದು ದಾನಮ್ಮನಿಗೆ ಯಾರಾದರೂ ಹೇಳಬೇಕಾಗುತ್ತದೆ. ಗುರುಪಾದಪ್ಪನೇ ಹೇಳಲಿ.