ಏಳನೆಯ ಬಾಗಿಲಿನ ಹೆಸರು

ಡುಲುತ್
೧೦ ನವೆಂಬರ್ ೨೦೧೮, ಶನಿವಾರ ಮಧ್ಯಾಹ್ನ

ನೀರಿನ ಮೇಲಿರುವ ನನ್ನ ಅಮ್ಮನಿಗೆ,

ಮಂಡಿ ನೋವು ಹೇಗಿದೆ? ಹಡಗಿನ ಅಡುಗೆಮನೆಯ ಆ ಕಬ್ಬಿಣದ ಮೆಟ್ಟಿಲು ಒದ್ದೆಯಿದ್ದಾಗ ಕೈಯಲ್ಲಿ ಪಾತ್ರೆ ಹಿಡಿದು ಇಳಿಯಬೇಡ ಅಂತ ಎಷ್ಟು ಸಲ ಬರೆದಿಲ್ಲ ನಾನು. ಸರೋವರದಲ್ಲಿ ಹನ್ನೆರಡು ಅಡಿ ಅಲೆ ಏಳುತ್ತಿದೆಯೆಂದು ರೇಡಿಯೋದಲ್ಲಿ ಕೇಳಿದಾಗಿನಿಂದ ನನಗೆ ಊಟ ಸೇರಿಲ್ಲ. ನೀನು ನಗುತ್ತೀಯ, ಗೊತ್ತು. 'ಹಡಗು ಮುಳುಗೋಕ್ಕಿಂತ ಮುಂಚೆ ಇವನು ದಡದಲ್ಲೇ ಮುಳುಗ್ತಾನೆ' ಅಂತ ಅಲ್ಲಿನವರಿಗೆಲ್ಲ ಹೇಳಿ ನಗಿಸುತ್ತೀಯ. ಡೆಟ್ರಾಯಿಟ್ ದಾಟುವಾಗ ಟಪಾಲು ದೋಣಿಯವರು ಇದನ್ನು ಹಡಗಿನಿಂದ ಇಳಿಬಿಟ್ಟ ಬಕೆಟ್ಟಿಗೆ ಹಾಕುತ್ತಾರಲ್ಲ, ಹಗ್ಗ ಎಳೆಯುವವನಿಗೆ ಮೆಲ್ಲಗೆ ಎಳೆಯಲು ಹೇಳು. ಈ ಕಾಗದ ಒದ್ದೆಯಾಗಬಾರದು.

ಹೋದ ಕಾಗದದಲ್ಲಿ ಸಿಗ್ನೆ ಎಂಬ ಹುಡುಗಿಯ ಬಗ್ಗೆ ಬರೆದಿದ್ದೆ. ನೀನು ಉತ್ತರದಲ್ಲಿ 'ಒಳ್ಳೆ ಹುಡುಗಿ ಥರ ಕಾಣ್ತಾಳೆ, ಊಟಕ್ಕೆ ಕರಿ' ಅಂದೆ. ಊಟಕ್ಕೆ! ಅವಳು ನಮ್ಮ ಆಫೀಸಿಗೆ ಬಂದು ಎಂಟು ತಿಂಗಳು, ನಾನು ಇಲ್ಲಿ ಕೂತು ಹನ್ನೊಂದು ವರ್ಷ. ಅದಿರು ಕಟ್ಟೆಯ ಮೇಸ್ತ್ರಿ ನನ್ನ ಹೆಸರು ಕಲಿಯಲು ಎರಡು ವರ್ಷ ತಗೊಂಡ, ಅವಳ ಹೆಸರನ್ನು ಒಂದೇ ವಾರದಲ್ಲಿ ಕಲಿತ. ಅವಳು ಕೀಲಿಮಣೆ ನೋಡದೆ ಬರೆಯುತ್ತಾಳೆ. ಯಾರಿಗಾದರೂ ಕಾಗದ ಬರೆದರೆ 'ತಪ್ಪಿದ್ದರೆ ಕ್ಷಮಿಸಿ' ಅಂತ ಮೊದಲೇ ಹಾಕುವುದಿಲ್ಲ. ನಾನು ಹಾಕದ ಕಾಗದವೇ ಇಲ್ಲ. ಹತ್ತನೇ ತರಗತಿಗೆ ಓದು ಬಿಟ್ಟವನಿಗೆ ಆ ಒಂದು ಸಾಲು ಬಾಗಿಲ ಹೊರಗೆ ಬೂಟು ಕಳಚಿ ಒಳಗೆ ಹೋದ ಹಾಗೆ. ಅವಳು ಬೂಟು ಹಾಕಿಕೊಂಡೇ ಒಳಗೆ ಬರುತ್ತಾಳೆ, ಎಲ್ಲರೂ ಕುರ್ಚಿ ಎಳೆದು ಕೊಡುತ್ತಾರೆ.

ಈಗ ವಿಷಯ ಏನೆಂದರೆ, ನಮ್ಮ ಮುಖ್ಯಸ್ಥೆ ಡೊರೀನ್ ವಸಂತಕ್ಕೆ ನಿವೃತ್ತಿ. ಕಟ್ಟೆಯ ಯಂತ್ರಗಳ ತಳದಲ್ಲಿ ಓಡುವ ಪ್ರೋಗ್ರಾಮು ಇದೆಯಲ್ಲ, ಕರ್ನೆಲ್ ಅನ್ನುವುದು, ಅದರಲ್ಲಿ ನಮ್ಮ ಭಾಗವನ್ನು ಇಷ್ಟು ದಿನ ಕಾಯ್ದವಳು ಅವಳು. ಕಾಯುವವರ ಹೆಸರಿಗೆಂದೇ ಒಂದು ಫೈಲಿದೆ. ಅದರಲ್ಲಿ ಅವಳ ಹೆಸರು ಅಳಿಸಿ ಯಾರ ಹೆಸರು ಬರೆಯಬೇಕು ಎಂಬುದು ಸೋಮವಾರ ತೀರ್ಮಾನ. ನನ್ನದು, ಇಲ್ಲ ಸಿಗ್ನೆಯದು. ನನಗೆ ಬೇರೇನೂ ಬೇಡ ಅಮ್ಮಾ. ಪದವಿ ಪತ್ರ ಗೋಡೆಗೆ ಹಾಕಲು ನನ್ನ ಹತ್ತಿರ ಇಲ್ಲ, ಆ ಒಂದು ಸಾಲಾದರೂ ಇರಲಿ ಅನ್ನಿಸುತ್ತದೆ.

ಕಟ್ಟೆಯಲ್ಲಿ ನಿಮ್ಮ ಹಡಗಿಗೆ ಅದಿರು ಸುರಿಯುವ ಬಾಗಿಲುಗಳು ಚಳಿಗೆ ಸಿಕ್ಕಿಕೊಳ್ಳುತ್ತವಲ್ಲ, ಯಾವುದು ಯಾವಾಗ ಸಿಕ್ಕಿಕೊಂಡಿತೆಂದು ಕರ್ನೆಲ್ಲೇ ಗುರುತು ಹಾಕಿಡುವ ಹಾಗೆ ಸಿಗ್ನೆ ಮಾಡಿದಳು. ಅದಕ್ಕೆ ಟ್ರೇಸ್ ಈವೆಂಟ್ ಅನ್ನುತ್ತೇವೆ. ಕರ್ನೆಲ್ ಜೊತೆಗೇ ಬರುವಂಥವು ನೂರಾರಿವೆ, ಆದರೆ ನಮ್ಮ ಬಾಗಿಲಿಗೆ ನಾವೇ ಹೊಸದು ಕಟ್ಟಬೇಕು. ಗುರುತಿಗೆ ಏನು ಹೆಸರು, ಅದರಲ್ಲಿ ಏನೇನು ಇಡಬೇಕು, ಆ ಗಳಿಗೆಯಲ್ಲಿ ಹೇಗೆ ತುಂಬಬೇಕು, ಆಮೇಲೆ ಓದುವವನಿಗೆ ಹೇಗೆ ತೋರಿಸಬೇಕು, ಇಷ್ಟನ್ನು ಬರೆದುಕೊಡಬೇಕು. ಯಾರೂ ಖಾಲಿ ಹಾಳೆಯಿಂದ ಶುರುಮಾಡುವುದಿಲ್ಲ. ಹಳೆಯದೊಂದನ್ನು ನಕಲು ಮಾಡಿ ಬೇಕಾದಲ್ಲಿ ತಿದ್ದುವುದೇ ನಮ್ಮ ಪದ್ಧತಿ, ನೀನು ಸೂಪಿಗೆ ನಿನ್ನೆಯ ಸಾರು ಸೇರಿಸುವ ಹಾಗೆ.

ಗುರುವಾರ ಅದನ್ನು ಪರೀಕ್ಷಿಸಲು ನನಗೆ ಕೊಟ್ಟರು. ಹತ್ತೇ ನಿಮಿಷದಲ್ಲಿ ತಪ್ಪು ಕಂಡಿತು. ಅವಳು ಬಾಗಿಲಿನ ಹೆಸರನ್ನು ಇಟ್ಟಿರಲಿಲ್ಲ, ಹೆಸರು ಎಲ್ಲಿದೆ ಎಂಬ ವಿಳಾಸವನ್ನು ಮಾತ್ರ ಇಟ್ಟಿದ್ದಳು. ನಿನಗೆ ನೆನಪಿದೆಯಾ, ನೀನು ಫ್ರಿಜ್ಜಿನ ಮೇಲೆ 'ಸೂಪು ನೀಲಿ ಪಾತ್ರೆಯಲ್ಲಿದೆ' ಅಂತ ಚೀಟಿ ಅಂಟಿಸಿ ಹೋಗಿದ್ದೆ, ನಾನು ಶಾಲೆಯಿಂದ ಬರುವಷ್ಟರಲ್ಲಿ ಮಾವ ಸೂಪು ಕುಡಿದು ಅದೇ ಪಾತ್ರೆಗೆ ಗಾಳದ ಎರೆಹುಳು ತುಂಬಿಟ್ಟಿದ್ದ? ಚೀಟಿ ಸುಳ್ಳಲ್ಲ, ಪಾತ್ರೆಯೂ ಅದೇ, ಒಳಗಿದ್ದದ್ದು ಬೇರೆ. ಇಲ್ಲಿ ಪ್ರತಿ ಹಡಗು ಬಂದಾಗಲೂ ಬಾಗಿಲುಗಳ ಪಟ್ಟಿ ಹೊಸದಾಗಿ ಬರುತ್ತದೆ, ಹಳೆಯದು ಹೋಗುತ್ತದೆ. ನಾನು ಸದ್ದಿಲ್ಲದೆ ನನ್ನ ಯಂತ್ರದಲ್ಲಿ ಓಡಿಸಿ ನೋಡಿದೆ. ನಾನು ಬೇಕೆಂದೇ ಸಿಕ್ಕಿಸಿದ್ದು ಏಳನೆಯ ಬಾಗಿಲು. ಪಟ್ಟಿ ಬದಲಿಸಿ ಓದಿದರೆ ಹನ್ನೊಂದು ಅಂತ ತೋರಿಸಿತು.

ಏನು ಸಂತೋಷವಾಯಿತು ಗೊತ್ತಾ ಅಮ್ಮಾ! ಹುಟ್ಟುಹಬ್ಬದ ದಿನವೂ ಅಷ್ಟು ಖುಷಿಯಾಗಿರಲಿಲ್ಲ. ಆಗಲೇ ಹೇಳಿದರೆ ಅರ್ಧ ಗಂಟೆಯಲ್ಲಿ ತಿದ್ದಿಕೊಳ್ಳುತ್ತಾಳೆ, ಯಾರಿಗೂ ನೆನಪೂ ಇರುವುದಿಲ್ಲ. ಸೋಮವಾರ ಕಟ್ಟೆಯಲ್ಲಿ ಎಲ್ಲರೆದುರು ಓಡಿಸುವಾಗ ಏಳು ಹೋಗಿ ಹನ್ನೊಂದಾದರೆ, ಆಗ ಡೊರೀನ್ ಮುಖ ನೋಡಬೇಕು ಅಂದುಕೊಂಡೆ. 'ಪರೀಕ್ಷಿಸಿದ್ದೇನೆ' ಎಂಬ ಸಾಲು ಹಾಕಿ, ಕೆಳಗೆ ನನ್ನ ಹೆಸರು ಬರೆದು ಕಳಿಸಿಬಿಟ್ಟೆ. ಡೊರೀನ್ ಹಾದುಹೋಗುತ್ತಾ, 'ಏನಪ್ಪಾ ಆರ್ವಿಡ್, ಇವತ್ತು ಕ್ಷಮೆ ಕೇಳದೆ ಕಳಿಸಿದ್ದೀಯ, ಜ್ವರ ಗಿರ ಬಂದಿದೆಯಾ?' ಅಂದಳು. ಎಲ್ಲರೂ ನಕ್ಕರು. ಸಿಗ್ನೆಯೂ ನಕ್ಕಳು. ಅದಕ್ಕೂ ನನಗೆ ಉರಿಯಿತು.

ಆಮೇಲೆ ಯೋಚನೆ ಶುರುವಾಯಿತು. ಬಾಗಿಲು ಸಿಕ್ಕಿಕೊಂಡರೆ ಒಬ್ಬ ಮನುಷ್ಯ ಸಲಾಕೆ ಹಿಡಿದು ಒಳಗೆ ಇಳಿಯುತ್ತಾನೆ. ಗುರುತು ನಂಬಿ ಹನ್ನೊಂದರ ಮೋಟಾರು ನಿಲ್ಲಿಸಿ, ಮೋಟಾರು ಇನ್ನೂ ಓಡುತ್ತಿರುವ ಏಳಕ್ಕೆ ಇಳಿದರೆ? ಮೂರು ಸಲ ನೋಡಿಯೇ ಇಳಿಯುತ್ತಾರೆ, ಹಾಗೆಲ್ಲ ಆಗುವುದಿಲ್ಲ. ಆದರೂ ನನ್ನ ತಲೆ ಗೊತ್ತಲ್ಲ, ಇಲ್ಲದ ಮನುಷ್ಯನನ್ನು ಹುಟ್ಟಿಸಿ ಸಾಯಿಸಿಬಿಡುತ್ತದೆ. ಇವತ್ತು ಬೆಳಗ್ಗೆ ಮತ್ತೆ ತೆಗೆದು ನೋಡಿದೆ. ಅವಳು ಪ್ರೋಗ್ರಾಮಿನ ಮೇಲ್ಗಡೆ ಬರೆದಿದ್ದ ವಿವರಣೆಯನ್ನು ಗುರುವಾರ ನಾನು ಓದಿಯೇ ಇರಲಿಲ್ಲ, ತಪ್ಪು ಹುಡುಕುವ ಆತುರ. ಅಲ್ಲಿ ಸಿಗ್ನೆ ಬರೆದಿದ್ದಾಳೆ: 'ಆರ್ವಿಡ್ ಆರು ವರ್ಷದ ಹಿಂದೆ ಮೋಟಾರಿಗೆ ಬರೆದ ಈವೆಂಟ್ ನಮ್ಮಲ್ಲಿ ಎಲ್ಲಕ್ಕಿಂತ ಅಚ್ಚುಕಟ್ಟಾದದ್ದು. ಅದನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದೇನೆ.'

ಹೌದು ಅಮ್ಮಾ, ಅವಳು ನಕಲು ಮಾಡಿದ್ದು ನನ್ನದನ್ನು. ನನ್ನದರಲ್ಲೂ ಬರೀ ವಿಳಾಸವೇ ಇದೆ. ಮೋಟಾರಿನ ಹೆಸರು ಎಂದೂ ಜಾಗ ಬಿಡುವುದಿಲ್ಲ, ಹಾಗಾಗಿ ನನ್ನದು ಬದುಕಿತು. ಅದು ನನಗೆ ಆಗಲೇ ಗೊತ್ತಿತ್ತು. ಬೇರೆ ಕಡೆ ಹೀಗೆ ಮಾಡಬೇಡಿ ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಅಚ್ಚುಕಟ್ಟು ಅಂತ ನನ್ನ ಕೆಲಸಕ್ಕೆ ಇಲ್ಲಿ ಯಾರೂ ಅಂದದ್ದಿಲ್ಲ. ಅಂದವಳು ಇವಳು.

ಕಾಡಕ್ಕಿ ಸೂಪು ನಾನೇ ಮಾಡಿಕೊಂಡೆ, ನಿನ್ನ ರುಚಿ ಬರಲಿಲ್ಲ. ಮಾವನ ಕೆಮ್ಮು ವಾಸಿ. ಹಡಗಿನವರಿಗೆಲ್ಲ ನನ್ನ ನೆನಪು ಹೇಳು, ಉಣ್ಣೆ ಕಾಲುಚೀಲ ಎರಡು ಜೊತೆ ಹಾಕಿಕೋ. ಗಾಳಿ ನಿನ್ನ ಕಡೆ ಮೆತ್ತಗಿರಲಿ.

ನಿನ್ನ ಪುಕ್ಕಲು ಮಗ,
ಆರ್ವಿಡ್

ಮರೆತ ಮಾತು: ಲಕೋಟೆ ಅಂಟಿಸಿದ್ದವನು ಮತ್ತೆ ಬಿಚ್ಚಿದ್ದೇನೆ. ಸಿಗ್ನೆಗೆ ಫೋನ್ ಮಾಡಿ ತಪ್ಪು ಹೇಳಿದೆ. 'ಅಯ್ಯೋ ದೇವರೇ, ಯಾವಾಗ ನೋಡಿದೆ ಇದನ್ನ?' ಅಂದಳು. 'ಇವತ್ತು ಬೆಳಗ್ಗೆ' ಅಂದುಬಿಟ್ಟೆ. ಆಗಲೇ ತಿದ್ದಿ ಕಳಿಸಿದ್ದಾಳೆ, 'ತಪ್ಪು ಕಂಡುಹಿಡಿದವರು: ಆರ್ವಿಡ್' ಅಂತ ಸಾಲು ಹಾಕಿ. ಅದನ್ನು ನೋಡಿ ಡೊರೀನ್ ಫೋನ್ ಮಾಡಿದಳು: 'ರಜೆ ದಿನವೂ ಇನ್ನೊಬ್ಬರ ಕೆಲಸದ ಚಿಂತೆ ಮಾಡ್ತೀಯಲ್ಲೋ, ಕಾಯೋಕೆ ನಿನ್ನಂಥವನೇ ಬೇಕು. ಸೋಮವಾರ ನಿನ್ನ ಹೆಸರೇ ಬರೀತೀನಿ.' ನಾನು ಥ್ಯಾಂಕ್ಸ್ ಅಂದೆ ಅಮ್ಮಾ. ತಪ್ಪು ನನಗೆ ಗುರುವಾರವೇ ಕಂಡಿತ್ತು ಎಂಬುದು ಈ ಕಾಗದದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಓದಿ ನೀರಿಗೆ ಎಸೆಯಬೇಡ, ಜೋಪಾನವಾಗಿ ಇಟ್ಟುಕೋ. ಸೋಮವಾರ ನಾನು ಬಾಯಿ ಬಿಡದೆ ಹೋದರೆ, ಜನವರಿಯಲ್ಲಿ ನೀನು ದಡಕ್ಕೆ ಇಳಿದಾಗ ಅವಳನ್ನು ಊಟಕ್ಕೆ ಕರೆದು ಇದನ್ನು ಅವಳ ಕೈಗೇ ಕೊಟ್ಟುಬಿಡು.