ನಾಕ ಫೈಲಿನ ಅರ್ಜಿ

ಬಾಗಲಕೋಟೆ
12 ಜುಲೈ 2005

ಇಳಕಲ್ಲಿನ ಶಮಶಾದಬಿ ಅಕ್ಕಾರಿಗೆ ಅನುರಾಧಾನ ನಮಸ್ಕಾರ.

ಕಿವಿ ಕೇಳದ ಮಕ್ಕಳಿಗೆ ಮಷೀನ ಕೊಡೂ ನಮ್ಮ ಸಂಸ್ಥೆಯ ವೆಬ್‌ಸೈಟಿನ್ಯಾಗ ಅರ್ಜಿ ಫಾರ್ಮ್ ಮಾಡಿದಾಕಿ ನಾನ. ಹೋದ ತಿಂಗಳ ನೀವು ಆಫೀಸಿಗೆ ಬಂದಾಗ, "ಅರ್ಜಿ ಜೋಡಿ ಹಾಕೂ ನಾಕ ಕಾಗದದ ಫೈಲಿನ್ಯಾಗ ಒಂದ ಬಂದೈತಿ, ಉಳಿದ ಮೂರು ನೀವು ಕಳಿಸೇ ಇಲ್ಲ" ಅಂತ ಎಲ್ಲಾರ ಮುಂದ ಅಂದಾಕೀನೂ ನಾನ.

"ಸುಳ್ಳ ಯಾಕ ಹೇಳ್ಲಿರಿ ಬಾಯಾರ? ಕಂಪ್ಯೂಟರ್ ಅಂಗಡ್ಯಾಗ ಕುಂತು ನಾಕೂ ಹಾಕಿಸೀನಿ" ಅಂದ್ರಿ. ನಾ ತಲಿ ಎತ್ತಿ ಸುದ್ದಾ ನೋಡಲಿಲ್ಲ.

ನಿನ್ನೆ ಅಮೀನಗಡದ ಇನ್ನೊಬ್ಬ ತಾಯಿ ಬಂದು ಅದ ಮಾತು ಅಂದ್ರು. ಆಗ ನಾನ ನಾಕ ಫೈಲ್ ಹಾಕಿ ನೋಡಿದೆ. ಕಡೀದೊಂದ ಉಳೀತು. ಫಾರ್ಮಿನ್ಯಾಗ ಫೈಲ್ ಹಾಕೂ ನಾಕೂ ಜಾಗಾಕ್ಕ ಒಂದ ಹೆಸರ ಕೊಟ್ಟಿದ್ದೆ; ಆ ಹೆಸರಿಗೆ ಒಂದಕ್ಕಿಂತ ಹೆಚ್ಚ ಫೈಲ್ ಬರ್ತಾವ ಅಂತ ಕಂಪ್ಯೂಟರಿಗೆ ತಿಳಿಸಾಕ ಹೆಸರಿನ ಮುಂದ ಎರಡು ಕಂಸ ಹಾಕೂದ ಮರತಿದ್ದೆ. ಹಿಂಗಾಗಿ ಆಮ್ಯಾಲೆ ಬಂದ ಫೈಲ್ ಮೊದಲಿನದನ್ನ ಅಳಿಸಿ ತಾ ಕೂಡ್ತಿತ್ತು. ತಪ್ಪು ನಂದು ಅಕ್ಕಾರ, ನಿಮ್ದಲ್ಲ.

ಈಗ ಫಾರ್ಮ್ ಸರಿ ಮಾಡೇನಿ. ಸಮಿತಿಯವರ ಮುಂದ ನಿಂತು ನಡೆದದ್ದು ಹೇಳಿದೆ. ಅವರು ನಿಮ್ಮ ಮಗಳು ಸುಲ್ತಾನಾನ ಅರ್ಜಿ ಇದ ಸರತಿಗೆ ತಗೊಂಡಾರ. ಆದ್ರ ಆ ಕೂಸಿನ ಒಂದ ತಿಂಗಳ ನನ್ನಿಂದ ಹಾಳಾತು. ಅದನ್ನ ಹೆಂಗ ತಿರುಗಿ ಕೊಡ್ಲಿ?

ಸೋಮವಾರ ಮುಂಜಾನೆ ಆಕಿನ್ನ ಕರಕೊಂಡು ಬರ್ರಿ. ಆ ನಾಕೂ ಕಾಗದಾನೂ ತರ್ರಿ, ನನ್ನ ಕೈಯಾರೆ ಫಾರ್ಮಿಗೆ ಹಾಕ್ತೇನಿ. ಡಾಕ್ಟರ್ ಅವತ್ತ ಆಕಿ ಕಿವಿಗೆ ಮಷೀನ ಕೂಡಸ್ತಾರ. ಆಕಿ ಕೇಳೂ ಮೊದಲ ಮಾತು ನೀವ ಆಡ್ರಿ. ನಾವೆಲ್ಲಾ ಸುಮ್ಮನಿರ್ತೇವಿ.

ಇಂತಿ ನಿಮ್ಮ
ಅನುರಾಧಾ